ನಾಣ್ಯಕ್ಕೆ ಹತ್ತಿದ ಹಸಿರು ಜಿಗುಟು: ಪ್ಲಾಸ್ಟಿಕ್ ಕವರ್ ತಂದ ದೋಷವನ್ನು ಪತ್ತೆ ಹಚ್ಚಿ ತೆಗೆಯುವ ಬಗೆ

ವರ್ಷಗಟ್ಟಲೆ ಮುಟ್ಟದೆ ಇಟ್ಟಿದ್ದ ನಾಣ್ಯದ ಆಲ್ಬಮ್ ತೆರೆದಾಗ ಎಷ್ಟೋ ಸಲ ಕಣ್ಣಿಗಿಂತ ಮೊದಲು ಮೂಗಿಗೆ ಸುದ್ದಿ ಮುಟ್ಟುತ್ತದೆ. ಹೊಸ ರೇನ್‌ಕೋಟ್ ಬಿಚ್ಚಿದಾಗ ಬರುವಂಥ ವಾಸನೆ. ಆಮೇಲೆ ಕಾಣುತ್ತದೆ: ಬೆಳ್ಳಿಯ ನಾಣ್ಯದ ಮೇಲೆ ಎಣ್ಣೆ ಸವರಿದಂಥ ಮಂಕು, ಅಕ್ಷರಗಳ ಸಂದಿಯಲ್ಲಿ ಪಾಚಿ ಬಣ್ಣದ ಗೆರೆ. ಒಂದು ಸಲ ಒರೆಸಿಬಿಡೋಣ ಎಂದು ಕೈ ತಾನಾಗಿಯೇ ಅಂಗಿಯ ತುದಿಯತ್ತ ಹೋಗುತ್ತದೆ. ಒರೆಸಬೇಡಿ. ಪ್ಲಾಸ್ಟಿಕ್ ಕೆಡಿಸಿದ ನಾಣ್ಯಗಳಿಗಿಂತ ಒರೆಸಿ ಕೆಡಿಸಿದ ನಾಣ್ಯಗಳನ್ನೇ ನಾನು ಹೆಚ್ಚು ನೋಡಿದ್ದೇನೆ.

ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಆ ಹಸಿರು ನಾಣ್ಯದ ಮೇಲೆ ಬಂದು ಕುಳಿತದ್ದೋ, ನಾಣ್ಯದ ಲೋಹವೇ ತಿರುಗಿ ಹಸಿರಾದದ್ದೋ? ಕುಳಿತದ್ದನ್ನು ಎಬ್ಬಿಸಬಹುದು. ಲೋಹವೇ ಹಸಿರಾಗಿದ್ದರೆ, ಅದನ್ನು ಕಿತ್ತಾಗ ಅದರ ಜೊತೆ ನಾಣ್ಯದ ಮೈಯೂ ಹೋಗುತ್ತದೆ. ಕೆಳಗಿನ ಪರೀಕ್ಷೆಗಳೆಲ್ಲ ಈ ಪ್ರಶ್ನೆಗೇ ಉತ್ತರ ಹುಡುಕುತ್ತವೆ. ಖರ್ಚಿಲ್ಲದವುಗಳನ್ನು ಮೊದಲು ಮಾಡಿ.

ಲಕ್ಷಣ: ಕವರ್ ಮೆತ್ತಗಿದೆ, ವಾಸನೆ ಬರುತ್ತಿದೆ, ನಾಣ್ಯ ಮಾತ್ರ ಚೆನ್ನಾಗಿಯೇ ಇದೆ

ಇಲ್ಲಿ ಪರೀಕ್ಷೆ ನಾಣ್ಯಕ್ಕಲ್ಲ, ಕವರಿಗೆ. ಪಿವಿಸಿ ಎಂಬ ಪ್ಲಾಸ್ಟಿಕ್ ಹುಟ್ಟಾ ಗಟ್ಟಿ. ನೀರಿನ ಕೊಳವೆಗೆ ಬಳಸುವುದು ಅದನ್ನೇ. ಅದನ್ನು ಬಟ್ಟೆಯಂತೆ ಬಾಗುವ ಹಾಳೆಯಾಗಿಸಲು ಥ್ಯಾಲೇಟ್‌ನಂಥ ಎಣ್ಣೆ ಸ್ವಭಾವದ ಮೃದುಕಾರಿಗಳನ್ನು ಬೆರೆಸುತ್ತಾರೆ. ಅವು ಪ್ಲಾಸ್ಟಿಕ್‌ಗೆ ರಾಸಾಯನಿಕವಾಗಿ ಬೆಸೆದುಕೊಂಡಿರುವುದಿಲ್ಲ, ಸುಮ್ಮನೆ ನೆನೆದುಕೊಂಡಿರುತ್ತವೆ. ಹಾಗಾಗಿ ವರ್ಷಗಳು ಕಳೆದಂತೆ ಹೊರಗೆ ಒಸರಿ ನಾಣ್ಯದ ಮೇಲೆ ಜಿಗುಟಾಗಿ ಕೂರುತ್ತವೆ. ಇತ್ತ ಪಿವಿಸಿಯೂ ಶಾಖ, ಬೆಳಕುಗಳಿಗೆ ಶಿಥಿಲವಾಗುತ್ತಾ ಹೈಡ್ರೋಜನ್ ಕ್ಲೋರೈಡ್ ಬಿಡುತ್ತದೆ. ಅದಕ್ಕೆ ಗಾಳಿಯ ತೇವ ಸೇರಿದರೆ ಹೈಡ್ರೋಕ್ಲೋರಿಕ್ ಆಮ್ಲ. ಆಮ್ಲ ತಾಮ್ರವನ್ನು ಹುಡುಕಿಕೊಂಡು ಹೋಗುತ್ತದೆ. ಹಸಿರು ಹುಟ್ಟುವುದು ಅಲ್ಲಿ.

ಕವರನ್ನು ಬೆರಳುಗಳ ನಡುವೆ ಹಿಸುಕಿ ನೋಡಿ. ಸದ್ದಿಲ್ಲದೆ ಮಡಚಿಕೊಂಡರೆ ಸಂಶಯಪಡಿ. ಗರಗರ ಎಂದರೆ, ಮಡಿಸಿದಲ್ಲಿ ಗೆರೆ ಉಳಿದರೆ ಬಹುಶಃ ಪಾಲಿಯೆಸ್ಟರ್, ಚಿಂತೆಯಿಲ್ಲ. ಇದು ಸಾಲದಿದ್ದರೆ ಖಾಲಿ ಕವರಿನ ಮೂಲೆಯಿಂದ ಉಗುರಿನಷ್ಟು ತುಂಡು ಕತ್ತರಿಸಿ, ಒಂದು ಹನಿ ಸೋಪು ಬೆರೆಸಿದ ನೀರಿನಲ್ಲಿ ಅದುಮಿ ಬಿಡಿ. ಸೋಪು ಹಾಕುವುದು ಗಾಳಿಗುಳ್ಳೆ ಅಂಟಿಕೊಂಡು ತುಂಡು ಸುಳ್ಳಾಗಿ ತೇಲದಿರಲಿ ಎಂದು. ಪಾಲಿಎಥಿಲೀನ್, ಪಾಲಿಪ್ರೊಪಿಲೀನ್ ತೇಲುತ್ತವೆ, ಪಿವಿಸಿ ಮುಳುಗುತ್ತದೆ. ಪಾಲಿಯೆಸ್ಟರ್ ಕೂಡ ಮುಳುಗುತ್ತದೆ, ಆದರೆ ಅದು ಗರಗರ ಎನ್ನುವ ಜಾತಿ. ಮೆತ್ತಗೂ ಇದ್ದು ಮುಳುಗಲೂ ಮುಳುಗಿದರೆ ಅದನ್ನು ಪಿವಿಸಿ ಎಂದೇ ಹಿಡಿದು ಮುಂದುವರಿಯಿರಿ.

ಬೆಂಕಿಯ ಪರೀಕ್ಷೆಯೂ ಒಂದಿದೆ. ತಾಮ್ರದ ತಂತಿಯನ್ನು ಇಕ್ಕಳದಲ್ಲಿ ಹಿಡಿದು ಜ್ವಾಲೆಯಲ್ಲಿ ಕೆಂಪಗೆ ಕಾಯಿಸಿ, ಪ್ಲಾಸ್ಟಿಕ್‌ಗೆ ತಾಗಿಸಿ, ಮತ್ತೆ ಜ್ವಾಲೆಗೆ ಹಿಡಿದರೆ ಕ್ಲೋರಿನ್ ಇದ್ದಲ್ಲಿ ಉರಿ ಹಸಿರಾಗುತ್ತದೆ. ಬೈಲ್‌ಸ್ಟೈನ್ ಪರೀಕ್ಷೆ ಎಂದು ಇದರ ಹೆಸರು. ಹೊಗೆ ವಿಷಕಾರಿ, ಬಯಲಿನಲ್ಲೇ ಮಾಡಬೇಕು, ನಾಣ್ಯಗಳೂ ಅಸಿಟೋನ್ ಬಾಟಲಿಯೂ ಹತ್ತಿರ ಸುಳಿಯಬಾರದು. ಕುತೂಹಲ ಇದ್ದವರು ಮಾಡಲಿ; ನೀರಿನ ಪರೀಕ್ಷೆ ಸ್ಪಷ್ಟವಾಗಿದ್ದರೆ ಇದರ ಅಗತ್ಯವಿಲ್ಲ.

ಪಿವಿಸಿ ಎಂದಾದರೆ ಆ ಆಲ್ಬಮಿನ ನಾಣ್ಯಗಳನ್ನೆಲ್ಲ ಅಂದೇ ಹೊರಗೆ ತೆಗೆಯಿರಿ, ಚೆನ್ನಾಗಿ ಕಾಣುವವುಗಳನ್ನೂ. ನಾಣ್ಯ ತೊಳೆಯುವುದು ನಾಳೆಗಾದರೂ ಆದೀತು, ಕವರ್ ಬದಲಿಸುವುದು ಇವತ್ತೇ ಆಗಬೇಕು.

ಲಕ್ಷಣ: ನಾಣ್ಯ ಮಂಕಾಗಿದೆ, ಓರೆಯಾಗಿ ಹಿಡಿದರೆ ಎಣ್ಣೆಯ ಪೊರೆ ಕಾಣುತ್ತದೆ

ಕೋಣೆಯ ದೀಪ ಆರಿಸಿ ಒಂದೇ ಮೇಜುದೀಪ ಉರಿಸಿ. ನಾಣ್ಯವನ್ನು ಅಂಚಿನಲ್ಲಿ ಹಿಡಿದು ಬೆಳಕಿನಡಿ ನಿಧಾನವಾಗಿ ಓಲಾಡಿಸಿ. ಚಲಾವಣೆಯಲ್ಲಿ ಸವೆಯದ ನಾಣ್ಯವಾದರೆ ಅದರ ಕಾಂತಿ ಗಾಲಿಯ ಕಡ್ಡಿಗಳಂತೆ ಸುತ್ತುತ್ತದೆ. ಕಾಲಕ್ರಮದಲ್ಲಿ ಗಂಧಕದ ಸಂಪರ್ಕದಿಂದ ಬೆಳ್ಳಿ ತೆಳುವಾಗಿ ಬಣ್ಣಗಟ್ಟಿದ್ದರೆ ಆ ಸುತ್ತಾಟ ಬಣ್ಣದ ಅಡಿಯಲ್ಲೂ ಮುಂದುವರಿಯುತ್ತದೆ. ಪೊರೆ ಕುಳಿತಿದ್ದರೆ ಕಾಂತಿ ಅಲ್ಲಿಗೆ ಬಂದು ತಡವರಿಸಿ ನಿಂತುಬಿಡುತ್ತದೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯಲ್ಲಿ ನೋಡಿ: ಉಬ್ಬು ಚಿತ್ರದ ತುದಿಗಳಲ್ಲಿ, ಅಂದರೆ ಪ್ಲಾಸ್ಟಿಕ್ ತಾಗಿಕೊಂಡಿದ್ದ ಜಾಗಗಳಲ್ಲಿ, ಪೊರೆ ದಟ್ಟವಾಗಿದ್ದು ಧೂಳು, ಎಳೆಗಳು ಅದಕ್ಕೆ ಅಂಟಿಕೊಂಡಿದ್ದರೆ ಅದು ಒಸರಿದ ಮೃದುಕಾರಿಯೇ ಇರಬೇಕು.

ರೋಗಕ್ಕೆ ಇನ್ನೂ ಎಳೆಯ ಪ್ರಾಯ. ನೇರವಾಗಿ ಅಸಿಟೋನ್ ಸ್ನಾನದ ಭಾಗಕ್ಕೆ ಹೋಗಬಹುದು. ಗುಣವಾಗುವ ಸಂಭವ ಬಹಳ ಹೆಚ್ಚು.

ಲಕ್ಷಣ: ಹಸಿರು ಕಲೆ ಕಂಡಿದೆ

ಬೆಳ್ಳಿಯ ನಾಣ್ಯಕ್ಕೆ ಹಸಿರು ಎಲ್ಲಿಂದ ಬಂತು ಎಂದು ಕೇಳುವವರಿದ್ದಾರೆ. ಚಲಾವಣೆಗೆಂದು ಟಂಕಿಸಿದ ಬೆಳ್ಳಿ ನಾಣ್ಯ ಅಪ್ಪಟ ಬೆಳ್ಳಿಯಾಗಿರುವುದು ಅಪರೂಪ. ನೂರಕ್ಕೆ ಹತ್ತು ಪಾಲು ತಾಮ್ರ ಬೆರೆಸುವುದು ಬಹಳ ಕಡೆ ವಾಡಿಕೆಯಾಗಿತ್ತು. ‘ನಿಕಲ್ ನಾಣ್ಯ’ ಎಂದು ನಾವು ಕರೆಯುವುದರಲ್ಲಿ ಸಾಮಾನ್ಯವಾಗಿ 75 ಪಾಲು ತಾಮ್ರವೇ. ಕಂಚಿನ ಮಾತಂತೂ ಬೇಡ.

ಹಲ್ಲುಕಡ್ಡಿ ಒಂದನ್ನು ತೆಗೆದುಕೊಳ್ಳಿ, ಮರದ್ದೇ ಆಗಬೇಕು. ಸೂಜಿ, ಪಿನ್ನು ಬೇಡ. ಕಲೆಯ ಅಂಚನ್ನು, ಅದೂ ಚಿತ್ರದ ನಡುಭಾಗ ಬಿಟ್ಟು ನಾಣ್ಯದ ಅಂಚಿಗೆ ಹತ್ತಿರದ ಜಾಗದಲ್ಲಿ, ಒಂದೇ ಒಂದು ಸಲ ಮೆಲ್ಲನೆ ತಾಗಿಸಿ, ಕಡ್ಡಿಯ ತುದಿಯನ್ನು ಬಿಳಿ ಕಾಗದಕ್ಕೆ ಒತ್ತಿ.

ಕಾಗದದ ಮೇಲೆ ಹಸಿರು ಜಿಡ್ಡಿನಂತೆ ಹರಡಿದರೆ ಪಿವಿಸಿಯ ಜಿಗುಟು. ಇದು ಮೇಲೆ ಕುಳಿತದ್ದು, ಏಳುತ್ತದೆ.

ಕಡ್ಡಿಗೆ ಏನೂ ಹತ್ತದೆ, ಕಲೆ ಕಲ್ಲಿನಂತೆ ಕುಳಿತಿದ್ದರೆ ಕಿಲುಬು. ತಾಮ್ರವೇ ಕಾರ್ಬೋನೇಟ್ ಮುಂತಾದ ಲವಣಗಳಾಗಿ ಬದಲಾಗಿದೆ. ಬಹಳ ಪುರಾತನವಾದ ತಾಮ್ರ, ಕಂಚಿನ ನಾಣ್ಯಗಳಲ್ಲಿ ಇಂಥ ನುಣುಪಾದ ಹಸಿರು ಪದರವೇ ಬೆಲೆ. ಅದನ್ನು ‘ಕೊಳೆ’ ಎಂದು ತೆಗೆದರೆ ಉಳಿಯುವುದು ಬೋಳು ಲೋಹ. ಮುಟ್ಟಬೇಡಿ.

ತಿಳಿಹಸಿರು ಪುಡಿ ಉದುರಿದರೆ, ಅದರಡಿಯಲ್ಲಿ ಪುಟ್ಟ ಗುಳಿ ಕಂಡರೆ ಅದು ಕಂಚಿನ ರೋಗ ಇರಬಹುದು. ಮೂರರಲ್ಲಿ ಇದೇ ಕೆಟ್ಟದ್ದು. ಲೋಹದೊಳಗೆ ಅಡಗಿದ ತಾಮ್ರದ ಕ್ಲೋರೈಡ್ ಗಾಳಿಯ ತೇವ ಮತ್ತು ಆಮ್ಲಜನಕ ಸಿಕ್ಕಾಗ ಪುಡಿಯಾಗುತ್ತದೆ, ಜೊತೆಗೆ ಆಮ್ಲ ಬಿಡುತ್ತದೆ, ಆಮ್ಲ ಮತ್ತಷ್ಟು ತಾಮ್ರವನ್ನು ತಿಂದು ಮತ್ತೆ ಕ್ಲೋರೈಡ್ ಮಾಡುತ್ತದೆ. ತೇವ ಇರುವವರೆಗೆ ಈ ಚಕ್ರ ನಿಲ್ಲುವುದಿಲ್ಲ. ಅಂಥ ನಾಣ್ಯವನ್ನು ಬೇರೆ ಮಾಡಿ, ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿ ಒಣದಾಗಿ ಇಟ್ಟು ಈ ಬರಹದ ಕೊನೆಯ ಭಾಗ ನೋಡಿ.

ಜಿಗುಟು ಮತ್ತು ಕಿಲುಬು ಎರಡೂ ಒಂದೇ ನಾಣ್ಯದಲ್ಲಿ ಇರುವುದುಂಟು. ನನ್ನ ಬಳಿಯ ಒಂದು ಬೆಳ್ಳಿ ನಾಣ್ಯದ ಇಸವಿಯಲ್ಲಿ 8ರ ಮೇಲಿನ ಸೊನ್ನೆಯೊಳಗೆ ಮೆತ್ತನೆಯ ಹಸಿರು, ಕೆಳಗಿನ ಸೊನ್ನೆಯೊಳಗೆ ಗಟ್ಟಿ ಹಸಿರು ಇತ್ತು. ತೊಳೆದ ಮೇಲೆ ಮೇಲಿನದು ಬೆಳ್ಳಗಾಯಿತು, ಕೆಳಗಿನದು ಹಾಗೇ ಉಳಿಯಿತು, ಇಂದಿಗೂ ಇದೆ.

ಮೆತ್ತನೆಯ ಜಿಗುಟು ಎಂದು ಖಚಿತವಾದರೆ: ಅಸಿಟೋನ್ ಸ್ನಾನ

ಮೊದಲು ಅಪಾಯದ ಮಾತು. ಅಸಿಟೋನ್ ಪೆಟ್ರೋಲಿನಂತೆಯೇ ಹೊತ್ತಿಕೊಳ್ಳುವ ದ್ರವ. ಸುಮಾರು ಸೊನ್ನೆಗಿಂತ 20 ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿಯಲ್ಲೂ ಕಿಡಿ ತಗುಲಿದರೆ ಹತ್ತಬಲ್ಲಷ್ಟು ಆವಿ ಬಿಡುತ್ತದೆ. ಆವಿ ಗಾಳಿಗಿಂತ ಭಾರ. ಮೇಜಿನಿಂದ ಇಳಿದು ನೆಲದ ಮೇಲೆ ಹರಿದು ದೂರದ ಒಲೆಯನ್ನೂ ತಲುಪೀತು. ಆದ್ದರಿಂದ ಅಡುಗೆಮನೆಯಲ್ಲಿ ಬೇಡ, ದೇವರ ದೀಪ ಉರಿಯುವ ಕೋಣೆಯಲ್ಲಿ ಬೇಡ, ಸಿಗರೇಟು ಬೇಡವೇ ಬೇಡ. ಕಿಟಕಿ ಬಾಗಿಲು ತೆರೆದಿರಲಿ, ಆದಷ್ಟು ಹೊರಗಿನ ಜಗಲಿಯಲ್ಲೇ ಮಾಡಿ. ಬೇಗ ಆಗಲಿ ಎಂದು ಬಿಸಿ ಮಾಡುವ ಯೋಚನೆಯನ್ನೇ ಬಿಡಿ. 56 ಡಿಗ್ರಿಗೇ ಅದು ಕುದಿಯುತ್ತದೆ. ಹೈಡ್ರೋಜನ್ ಪೆರಾಕ್ಸೈಡ್, ಬ್ಲೀಚಿಂಗ್ ದ್ರಾವಣಗಳ ಜೊತೆ ಬೆರೆಸಬಾರದು, ಅಪಾಯಕಾರಿ ವಸ್ತುಗಳು ಹುಟ್ಟುತ್ತವೆ. ತೆಳು ನೈಟ್ರೈಲ್ ಕೈಗವಸು ಅಸಿಟೋನ್‌ಗೆ ಹೆಚ್ಚು ಹೊತ್ತು ತಡೆಯುವುದಿಲ್ಲ. ಬ್ಯುಟೈಲ್ ರಬ್ಬರಿನದು ತಡೆಯುತ್ತದೆ. ಕಣ್ಣಿಗೆ ಕನ್ನಡಕ ಇರಲಿ. ಕಣ್ಣಿಗೆ ಹಾರಿದರೆ 15 ನಿಮಿಷ ನೀರು ಹರಿಸಿ ತೊಳೆದು ವೈದ್ಯರಲ್ಲಿಗೆ ಹೋಗಿ. ತಲೆ ಸುತ್ತಿದಂತಾದರೆ ಪಾತ್ರೆ ಮುಚ್ಚಿ ಹೊರಗೆ ಬನ್ನಿ.

ಉಗುರು ಬಣ್ಣ ತೆಗೆಯುವ ದ್ರವ ಇದಕ್ಕೆ ಆಗುವುದಿಲ್ಲ. ಅದರಲ್ಲಿ ನೀರು, ಸುಗಂಧ, ಎಣ್ಣೆ, ಬಣ್ಣ ಬೆರೆತಿರುತ್ತವೆ. ಬೇಕಾದದ್ದು ಶುದ್ಧ ಅಸಿಟೋನ್. ಸಂಶಯವಿದ್ದರೆ ಒಂದು ಹನಿಯನ್ನು ಒರೆಸಿದ ಕನ್ನಡಿಯ ಮೇಲೆ ಬಿಟ್ಟು ಆರಲು ಬಿಡಿ. ಉಂಗುರ ಉಳಿದರೆ ಆ ಬಾಟಲಿ ನಾಣ್ಯಕ್ಕೆ ಲಾಯಕ್ಕಲ್ಲ.

ಪಾತ್ರೆ ಗಾಜಿನದೇ ಆಗಬೇಕು. ಇದನ್ನು ನಾನು ಕಲಿತದ್ದು ಪೆದ್ದತನದಿಂದ. ಮೊದಲ ಸಲ ಕೈಗೆ ಸಿಕ್ಕ ಪಾರದರ್ಶಕ ಪ್ಲಾಸ್ಟಿಕ್ ಲೋಟದಲ್ಲಿ ಅಸಿಟೋನ್ ಸುರಿದು ನಾಣ್ಯ ಬಿಟ್ಟೆ. ಸ್ವಲ್ಪ ಹೊತ್ತಿನಲ್ಲಿ ಲೋಟದ ತಳ ಅಂಟಾಗಿ ಕರಗಿ, ನಾಣ್ಯ ಕೆಸರಿನಲ್ಲಿ ಹೂತ ಕಲ್ಲಿನಂತೆ ಅದರಲ್ಲಿ ಕುಳಿತಿತ್ತು. ಒಂದು ಪ್ಲಾಸ್ಟಿಕ್ ತೆಗೆಯಲು ಹೋಗಿ ಇನ್ನೊಂದನ್ನು ಬಳಿದಿದ್ದೆ. ಗಾಜಿನ ಬಟ್ಟಲಿಗೆ ಬದಲಿಸಿ, ಎರಡು ದಿನ ಮತ್ತೆ ಮತ್ತೆ ಹೊಸ ಅಸಿಟೋನ್ ಹಾಕಿ ಅದನ್ನು ಬಿಡಿಸಬೇಕಾಯಿತು.

ಮಾಡುವ ಕ್ರಮ ಹೀಗೆ. ಬಟ್ಟಲಿಗೆ ಒಂದು ಸಲಕ್ಕೆ ಒಂದೇ ನಾಣ್ಯ. ಎರಡಿದ್ದರೆ ಒಂದಕ್ಕೊಂದು ಉಜ್ಜಿ ಗೀರು ಬೀಳುತ್ತದೆ. ಒಣ ಮಣ್ಣು, ಉಪ್ಪಿನಂಶ ಇದ್ದರೆ ಮೊದಲು ಭಟ್ಟಿ ಇಳಿಸಿದ ನೀರಿನಲ್ಲಿ ಅದ್ದಿಡಿ, ಏಕೆಂದರೆ ಅಸಿಟೋನ್ ಉಪ್ಪನ್ನು ಕರಗಿಸುವುದಿಲ್ಲ. ಆಮೇಲೆ ನಾಣ್ಯ ಮುಳುಗಿ ಒಂದು ಬೆರಳು ಮೇಲೆ ನಿಲ್ಲುವಷ್ಟು ಅಸಿಟೋನ್ ಹಾಕಿ, ಗಾಜಿನ ತಟ್ಟೆ ಮುಚ್ಚಿ 15 ನಿಮಿಷ ಬಿಡಿ. ಮರದ ಚಿಮಟದಿಂದ ಮಗುಚಿ ಇನ್ನೊಂದು 15 ನಿಮಿಷ. ಜಿಗುಟು ಎಳೆಎಳೆಯಾಗಿ ಎದ್ದು ದ್ರವ ನಸುಹಸಿರಾಗುವುದನ್ನು ಕೆಲವೊಮ್ಮೆ ಕಣ್ಣಾರೆ ನೋಡಬಹುದು. ಆ ದ್ರವವನ್ನು ಗಾಜಿನ ಬಾಟಲಿಗೆ ಸುರಿದಿಟ್ಟು, ಹೊಸದು ಹಾಕಿ ಎರಡನೆಯ ಸ್ನಾನ. ಮೊದಲನೆಯದರಲ್ಲೇ ಒಣಗಿಸಿದರೆ ಕರಗಿದ ಕೊಳೆಯೆಲ್ಲ ಸಮನಾಗಿ ಹರಡಿ ನಾಣ್ಯದ ಮೇಲೆ ಮರಳಿ ಕೂರುತ್ತದೆ. ಕೊನೆಗೆ ನಾಣ್ಯವನ್ನು ಅಂಚಿನಲ್ಲಿ ಎತ್ತಿ ಹಿಡಿದು ಎರಡೂ ಬದಿಗೆ ಹೊಸ ಅಸಿಟೋನ್ ಹರಿಸಿ, ಮೆತ್ತನೆಯ ಕಾಗದಕ್ಕೆ ಒರಗಿಸಿ ತಾನಾಗಿ ಆರಲು ಬಿಡಿ. ಒತ್ತಬಾರದು, ಒರೆಸಬಾರದು.

ಅಕ್ಷರದ ಸಂದಿಯ ಜಿಗುಟು ಏಳದಿದ್ದರೆ ಅಸಿಟೋನ್‌ನಲ್ಲಿ ನೆನೆದ ಹತ್ತಿಯನ್ನು ಅದರ ಮೇಲೆ ಉರುಳಿಸಿ, ಉಜ್ಜುವುದಲ್ಲ, ಉರುಳಿಸುವುದು. ರಾತ್ರಿಯಿಡೀ ನೆನೆಸಿಟ್ಟರೂ ಬೆಳ್ಳಿಗೆ ತೊಂದರೆಯಿಲ್ಲ, ಮುಚ್ಚಳ ಭದ್ರವಾಗಿರಬೇಕು, ಅಷ್ಟೆ. ಮೂರು ಸ್ನಾನದ ಮೇಲೂ ಉಳಿದ ಹಸಿರು ಜಿಗುಟಲ್ಲ, ಲೋಹದ್ದು. ನಾಲ್ಕನೆಯ ಸ್ನಾನದಿಂದ ಏನೂ ಬದಲಾಗುವುದಿಲ್ಲ.

ಬಳಸಿದ ದ್ರವವನ್ನು ಚರಂಡಿಗೆ ಸುರಿಯಬೇಡಿ. ಗಾಜಿನ ಬಾಟಲಿಗೆ ತುಂಬಿ, ಹೆಸರು ಬರೆದು, ಪೇಂಟ್ ತೆಳುಕಾರಿಯಂಥ ಅಪಾಯಕಾರಿ ತ್ಯಾಜ್ಯ ಸ್ವೀಕರಿಸುವಲ್ಲಿಗೆ ಕೊಡಿ. ಹತ್ತಿ, ಕಾಗದಗಳನ್ನು ಬಯಲಿನಲ್ಲಿ ಆರಿಸಿಯೇ ಕಸಕ್ಕೆ ಹಾಕಿ.

ಬಣ್ಣ ಹಚ್ಚಿದ ಸ್ಮಾರಕ ನಾಣ್ಯ, ಮೆರುಗೆಣ್ಣೆ ಬಳಿದ ನಾಣ್ಯ, ಅಂಟಿನಿಂದ ಏನನ್ನಾದರೂ ಕೂರಿಸಿದ ನಾಣ್ಯ ಇವಕ್ಕೆ ಅಸಿಟೋನ್ ಬೇಡ, ಬಣ್ಣ, ಅಂಟು ಎಲ್ಲ ಬಿಟ್ಟುಕೊಳ್ಳುತ್ತವೆ. ಪುರಾತನದ್ದೆಂದು ಕೊಂಡ ನಾಣ್ಯದ ‘ಶತಮಾನಗಳ ಹಸಿರು’ ಅಸಿಟೋನ್‌ಗೆ ಕರಗಿ ಹೋದರೆ ಅದು ಬಳಿದ ಬಣ್ಣ ಎಂದು ಅರ್ಥ. ಬೇಸರದ ಸಂಗತಿ ನಿಜ, ಆದರೆ ತಿಳಿದದ್ದು ಒಳ್ಳೆಯದೇ ಆಯಿತು.

ಲಕ್ಷಣ: ಒಣಗಿದ ಮೇಲೆ ಬಿಳಿ ಉಂಗುರ, ಮಸುಕು

ಹೆದರಬೇಡಿ. ಒಂದೋ ಅಸಿಟೋನ್ ಶುದ್ಧವಿರಲಿಲ್ಲ, ಇಲ್ಲವೇ ಕೊನೆಯ ಸ್ನಾನ ಸಾಲಲಿಲ್ಲ. ಇನ್ನೊಂದು ಕಾರಣವೂ ಇದೆ: ಅಸಿಟೋನ್ ಬೇಗ ಆರುವಾಗ ನಾಣ್ಯವನ್ನು ತಣ್ಣಗಾಗಿಸುತ್ತದೆ, ತೇವದ ದಿನವಾದರೆ ಗಾಳಿಯ ನೀರು ಅದರ ಮೇಲೆ ಹನಿಗಟ್ಟುತ್ತದೆ. ಮಳೆ ಇಲ್ಲದ ಒಣ ದಿನ ನೋಡಿ ಹೊಸ ಅಸಿಟೋನ್‌ನಲ್ಲಿ ಮತ್ತೊಮ್ಮೆ ತೊಳೆಯಿರಿ.

ಲಕ್ಷಣ: ಹಸಿರು ಹೋಯಿತು, ಅಡಿಯಲ್ಲಿ ಬೂದು ಕಲೆ ಅಥವಾ ಗುಳಿ ಉಳಿಯಿತು

ಆಮ್ಲ ತನ್ನ ಕೆಲಸ ಮುಗಿಸಿ ಹೋಗಿದೆ. ಕಾಂತಿ ಎಂದರೆ ಟಂಕಿಸುವಾಗ ಲೋಹ ಹರಿದ ಅತಿ ಸೂಕ್ಷ್ಮ ಗೆರೆಗಳ ಮೇಲೆ ಬೆಳಕು ಚದುರುವುದು. ಆ ಗೆರೆಗಳೇ ಸವೆದ ಜಾಗಕ್ಕೆ ಕಾಂತಿ ಮರಳಿ ಬರುವುದಿಲ್ಲ. ಅನೇಕರು ಎಡವುವುದು ಇಲ್ಲೇ: ಬೂದು ಕಲೆ ಹೊಂದಿಕೊಳ್ಳಲೆಂದು ಇಡೀ ನಾಣ್ಯವನ್ನು ಬೆಳ್ಳಿ ಹೊಳಪಿನ ದ್ರಾವಣದಲ್ಲಿ ಅದ್ದುತ್ತಾರೆ, ನಿಂಬೆಹುಳಿ ಹಾಕುತ್ತಾರೆ, ಟೂತ್‌ಪೇಸ್ಟಿನಿಂದ ತಿಕ್ಕುತ್ತಾರೆ. ಅದ್ದುವ ದ್ರಾವಣ ಆಮ್ಲೀಯ, ಬಣ್ಣಗಟ್ಟಿದ ಬೆಳ್ಳಿಯ ಪದರವನ್ನೇ ಕರಗಿಸಿ ತೆಗೆಯುತ್ತದೆ; ಟೂತ್‌ಪೇಸ್ಟು ಎಂದರೆ ನುಣುಪಾದ ಉಪ್ಪುಕಾಗದ. ಕಲೆಯೊಂದಿರುವ ಸಾಚಾ ನಾಣ್ಯವನ್ನು ಸಂಗ್ರಾಹಕರು ಒಪ್ಪಿಯಾರು, ತಿಕ್ಕಿ ಹೊಳೆಸಿದ್ದನ್ನು ಒಪ್ಪುವುದಿಲ್ಲ.

ಲಕ್ಷಣ: ತಾಮ್ರದ ನಾಣ್ಯ ತೊಳೆದ ಮೇಲೆ ಬೇರೆ ಬಣ್ಣಕ್ಕೆ ತಿರುಗಿದೆ

ಹಳೆಯ ತಾಮ್ರದ ಕಂದು ಬಣ್ಣಕ್ಕೆ ಗಾಢತೆ ಕೊಡುವುದರಲ್ಲಿ ಎಣ್ಣೆಯ ತೆಳುಪದರದ ಪಾಲೂ ಇರುತ್ತದೆ. ಅಸಿಟೋನ್ ಜಿಗುಟಿನ ಜೊತೆ ಅದನ್ನೂ ಒಯ್ಯುವುದರಿಂದ ನಾಣ್ಯ ಒಣಕಲಾಗಿ, ಪೇಲವವಾಗಿ ಕಾಣುತ್ತದೆ. ಅಡಗಿದ್ದ ಕಲೆಗಳೂ ಬಯಲಾಗುತ್ತವೆ. ಈ ಕಾರಣಕ್ಕೇ ತಾಮ್ರಕ್ಕೆ ನಾನು ರಾತ್ರಿಯಿಡೀ ನೆನೆಸುವ ಪದ್ಧತಿ ಅನುಸರಿಸುವುದಿಲ್ಲ. ಐದೈದು ನಿಮಿಷದ ಸ್ನಾನ, ನಡುನಡುವೆ ಪರಿಶೀಲನೆ. ಬೆಲೆಯುಳ್ಳ ಕೆಂಪು ತಾಮ್ರದ ನಾಣ್ಯವಾದರೆ ಮನೆಯಲ್ಲಿ ಮುಟ್ಟುವುದೇ ಇಲ್ಲ.

ಲಕ್ಷಣ: ಕೆಲವು ವಾರಗಳಲ್ಲಿ ಹಸಿರು ಮರಳಿ ಬಂದಿದೆ

ಮೊದಲು ಕೇಳಿಕೊಳ್ಳಿ: ಅದೇ ಹಳೆಯ ಕವರಿಗೆ ವಾಪಸು ಹಾಕಿದಿರಾ? ನಗಬೇಡಿ, ಹಲವರು ಹಾಕುತ್ತಾರೆ. ಅದಲ್ಲವಾದರೆ ಹಲ್ಲುಕಡ್ಡಿ ಪರೀಕ್ಷೆಯನ್ನು ಮತ್ತೆ ಮಾಡಿ. ಮೆತ್ತಗಿದ್ದರೆ ಸಂದಿಯಲ್ಲಿ ಉಳಿದದ್ದು ಮೇಲೆದ್ದಿದೆ, ಇನ್ನೊಂದು ಸ್ನಾನ ಸಾಕು. ಅದೇ ಜಾಗದಲ್ಲಿ ಪುಡಿಯಾಗಿ ಎದ್ದಿದ್ದರೆ ಕಂಚಿನ ರೋಗವೆಂದು ತಿಳಿಯಿರಿ. ಅಸಿಟೋನ್ ಅದಕ್ಕೆ ಮದ್ದಲ್ಲ.

ಹಸಿರಲ್ಲದ ಕಲೆಗಳು

ಟೇಪಿನ ಅಂಟು ಸಾಮಾನ್ಯವಾಗಿ ಅಸಿಟೋನ್‌ಗೆ ಬಿಡುತ್ತದೆ. ಬೆಳ್ಳಿಯ ಮೇಲೆ ರಬ್ಬರ್ ಬ್ಯಾಂಡು ಬಿಟ್ಟ ಕಪ್ಪು ಪಟ್ಟಿ ಬಿಡುವುದಿಲ್ಲ, ಅದು ರಬ್ಬರಿನ ಗಂಧಕ ಬೆಳ್ಳಿಯನ್ನು ಸಲ್ಫೈಡ್ ಮಾಡಿದ ಗುರುತು. ಹೊಸ ಅಪ್ಪಟ ಬೆಳ್ಳಿ ನಾಣ್ಯಗಳ ಹಾಲಿನಂಥ ಬಿಳಿ ಚುಕ್ಕಿಗಳೂ ಅಸಿಟೋನ್‌ಗೆ ಜಗ್ಗುವುದಿಲ್ಲ.

ಮರಳಿ ಎಲ್ಲಿಡಬೇಕು

ಪಾಲಿಯೆಸ್ಟರ್ ಕಿಟಕಿಯ ರಟ್ಟಿನ ಚೌಕಟ್ಟು, ಪಾಲಿಪ್ರೊಪಿಲೀನ್ ಕವರ್, ಅಕ್ರಿಲಿಕ್ ಡಬ್ಬಿ ಇವು ನಂಬಬಹುದಾದವು. ಪ್ಲಾಸ್ಟಿಕ್ ಮೇಲೆ ತ್ರಿಕೋನದೊಳಗೆ 3 ಎಂದಿದ್ದರೆ ಪಿವಿಸಿ, ಕೊಳ್ಳಬೇಡಿ. ರಟ್ಟಿನ ಚೌಕಟ್ಟಿನ ಪಿನ್ನುಗಳನ್ನು ಚಪ್ಪಟೆಯಾಗಿ ಒತ್ತಿ, ಇಲ್ಲದಿದ್ದರೆ ಪಕ್ಕದ ನಾಣ್ಯವನ್ನು ಗೀರುತ್ತವೆ. ತೊಳೆದ ನಾಣ್ಯವನ್ನು ಒಂದು ತಿಂಗಳ ನಂತರ ಮತ್ತೆ ಮೇಜುದೀಪದ ಕೆಳಗೆ ಹಿಡಿದು ನೋಡಿ.

ಇಲ್ಲಿಗೆ ನಿಲ್ಲಿಸಿ, ಬಲ್ಲವರಲ್ಲಿಗೆ ಹೋಗಿ

ಪುಡಿ ಉದುರುವ ಹಸಿರು ಕಂಡರೆ, ಮೂರು ಸ್ನಾನದ ಮೇಲೂ ಕಲೆ ಕದಲದಿದ್ದರೆ, ನಾಣ್ಯ ಉತ್ಖನನದಲ್ಲಿ ಸಿಕ್ಕಿದ್ದಾದರೆ, ಮೇಲ್ಮೈ ಚಕ್ಕೆಯೇಳುತ್ತಿದ್ದರೆ, ಅಥವಾ ನಾಣ್ಯ ಕೆಟ್ಟರೆ ನಿಮಗೆ ನಿದ್ದೆ ಬಾರದಷ್ಟು ಅದು ಬೆಲೆಯುಳ್ಳದ್ದಾದರೆ, ಲೋಹ ಸಂರಕ್ಷಣೆ ಕಲಿತವರ ಕೈಗೆ ಕೊಡಿ. ಕಂಚಿನ ರೋಗಕ್ಕೆ ಅವರು ಸೋಡಿಯಂ ಸೆಸ್ಕ್ವಿಕಾರ್ಬೋನೇಟ್ ದ್ರಾವಣದಲ್ಲಿ ವಾರಗಟ್ಟಲೆ ನೆನೆಸುವುದು, ಬೆಂಜೋಟ್ರಯಜೋಲ್ ಬಳಸುವುದು ಮುಂತಾದ ಚಿಕಿತ್ಸೆ ಮಾಡುತ್ತಾರೆ. ಎರಡನೆಯದು ಆರೋಗ್ಯಕ್ಕೆ ಹಾನಿಕರ, ಮನೆಯಲ್ಲಿ ಪ್ರಯೋಗ ಮಾಡುವಂಥದ್ದಲ್ಲ. ಶ್ರೇಣೀಕರಣಕ್ಕೆ, ಅಂದರೆ ನಾಣ್ಯದ ಸ್ಥಿತಿ ನೋಡಿ ಅಂಕ ಕೊಡುವವರಲ್ಲಿಗೆ, ಕಳುಹಿಸುವ ಯೋಚನೆ ಇದ್ದರೂ ಜಿಗುಟು ಇರುವಾಗಲೇ ಕಳುಹಿಸಬೇಡಿ. ಪಿವಿಸಿ ಅಂಶ ಕಂಡರೆ ಸಾಮಾನ್ಯವಾಗಿ ಅಂಕ ಕೊಡದೆ ಹಿಂದಿರುಗಿಸುತ್ತಾರೆ.

ಹೋಗುವಾಗ ಏನೇನು ಮಾಡಿದಿರಿ, ಯಾವ ದ್ರವದಲ್ಲಿ ಎಷ್ಟು ಹೊತ್ತು ಇಟ್ಟಿರಿ ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ, ಮುಜುಗರದ ಸಂಗತಿಗಳನ್ನೂ ಬಿಡದೆ. ತೊಳೆಯುವ ಮೊದಲು ತೆಗೆದ ಫೋಟೋ ಇದ್ದರೆ ಅದೂ ಇರಲಿ. ಹಳೆಯ ಕವರನ್ನು ಎಸೆದಿರದಿದ್ದರೆ ಮುಚ್ಚಳ ಬಿಗಿಯಾದ ಗಾಜಿನ ಶೀಶೆಯಲ್ಲಿ ಹಾಕಿ, ನಾಣ್ಯದಿಂದ ಬೇರೆಯಾಗಿಯೇ ಒಯ್ಯಿರಿ.